ಬೇರೆ ತೋಳಿನ ಮಣಿಕಟ್ಟು

ಗಂಡನ ಕೈಯನ್ನು ವಾರಿಜಾ ಬೇರೊಬ್ಬ ಹೆಣ್ಣಿನ ತೋಳಿನಲ್ಲಿ ಮೊದಲು ಕಂಡದ್ದು ಪ್ರಯೋಗಾಲಯದ ಊಟದ ಮೇಜಿನಲ್ಲಿ, ಚೌಕಾಬಾರ ಆಡುವಾಗ.

ಊಟ ಮುಗಿಸಿದ ಇರ್ಷಾದ್ ರಟ್ಟಿನ ಪೆಟ್ಟಿಗೆಯ ಮುಚ್ಚಳದ ಮೇಲೆ ಮಾರ್ಕರಿನಿಂದ ಮನೆಗಳನ್ನು ಗೀಚಿದ್ದ. ಅಲ್ಲಿ ಪರೀಕ್ಷೆಯಲ್ಲಿದ್ದ, ಕೈಗೆ ಕಟ್ಟುವ ಕೀಲುಪಟ್ಟಿಯ ತಂತ್ರಾಂಶವನ್ನೆಲ್ಲ ಬರೆದವನು ಅವನೇ. ಪಟ್ಟಿ ಚಾರ್ಜ್ ಆಗುವವರೆಗೆ ಸುಮ್ಮನೆ ಕೂರುವುದು ಅವನಿಂದಾಗದ ಕೆಲಸ. ಎದುರಿಗೆ ಕೂತಿದ್ದವಳು ಆ ಪಟ್ಟಿ ಕಟ್ಟಿಕೊಂಡು ಆಡುವ ದೇಚಮ್ಮ. ವಿರಾಜಪೇಟೆಯ ಕಡೆಯಿಂದ ಮೈಸೂರಿಗೆ ಓದಲು ಬಂದು, ಓದಿಗಿಂತ ಗಾಲ್ಫನ್ನೇ ಹೆಚ್ಚು ಹಚ್ಚಿಕೊಂಡ ಹುಡುಗಿ. ಅವಳು ನಾಲ್ಕು ಕವಡೆಗಳನ್ನು ಮುಷ್ಟಿಯಲ್ಲಿ ಹಿಡಿದು ಕಿವಿಯ ಹತ್ತಿರ ಒಮ್ಮೆ ಕುಲುಕಿದಳು. ತೋಳು ಮುಂದೆ ಬಂತು. ಮಣಿಕಟ್ಟು ಮಾತ್ರ ಬರಲು ಮನಸ್ಸಿಲ್ಲದವರ ಹಾಗೆ ಹಿಂದಕ್ಕೆ ಬಾಗಿಕೊಂಡೇ ಉಳಿಯಿತು. ಇನ್ನೇನು ತೋಳು ನಿಂತಿತು ಎನ್ನುವಾಗ ಅದು ಚಟ್ಟನೆ ಬಿಚ್ಚಿಕೊಂಡಿತು. ಕವಡೆಗಳು ಚೆದುರದೆ, ಒಂದರ ಪಕ್ಕ ಒಂದು ಸಾಲಾಗಿ ಬಿದ್ದವು. ನಾಲ್ಕೂ ಬಾಯಿ ಮೇಲಾಗಿ.

"ಚೌಕ," ಎಂದ ಇರ್ಷಾದ್. "ಏನಮ್ಮ, ಕೊಡಗಿನೋರಿಗೆ ಹಾಕಿ ಬಿಟ್ಟು ಇದೂ ಬರತ್ತಾ?"

"ಹೋದ ವಾರ ನೀವೇ ಅಲ್ವಾ ಸರ್ ಹೇಳಿಕೊಟ್ಟಿದ್ದು. ನಾನೇನೂ ಮಾಡ್ತಿಲ್ಲ, ಕೈ ತಾನಾಗೇ ಹಾಗೆ ಹೋಗತ್ತೆ."

ಮೊಸರನ್ನದ ಡಬ್ಬಿ ಮುಚ್ಚುತ್ತಿದ್ದ ವಾರಿಜಾ ಹಾಗೇ ನಿಂತಳು. ಆ ಕೈ ಅವಳಿಗೆ ಗೊತ್ತಿತ್ತು. ಮದುವೆಯಾದ ಹೊಸತರಲ್ಲಿ ಸಂಜೆಯ ಕಾಫಿ ಆದ ಮೇಲೆ ನಂಜರಾಜ ಎದುರಿಗೆ ಕೂತು ಹೀಗೇ ಕುಲುಕಿ, ಹೀಗೇ ತಡೆದು, ಹೀಗೇ ಬಿಡುತ್ತಿದ್ದ. ಸೋತ ಸಿಟ್ಟಿನಲ್ಲಿ ಅವಳು ಒಮ್ಮೆ ಆ ಮಣಿಕಟ್ಟನ್ನೇ ಎರಡು ಕೈಯಲ್ಲಿ ಹಿಡಿದು, "ಈಗ ಹಾಕಿ ನೋಡೋಣ," ಎಂದಿದ್ದಳು. ಅದು ಅವಳ ಅಂಗೈಯೊಳಗೆ ಹಕ್ಕಿಯ ಹಾಗೆ ಮಿಸುಕಿತ್ತು. ಅಂಥದನ್ನೆಲ್ಲ ಯಾರಿಗೂ ಹೇಳುವುದಿಲ್ಲ. ಈಗ ನೋಡಿದರೆ ಅದು ಇಲ್ಲಿ, ಟ್ಯೂಬ್ ಲೈಟಿನ ಕೆಳಗೆ, ಇಪ್ಪತ್ತರ ಹುಡುಗಿಯೊಬ್ಬಳ ತೋಳಿನ ತುದಿಯಲ್ಲಿ ಕೂತು ಎಲ್ಲರ ಮುಂದೆ ಆಡುತ್ತಿತ್ತು.

ದಾಟಿಸಿದವಳು ತಾನೇ. ಅದನ್ನು ಮರೆಯುವ ಹಾಗೂ ಇರಲಿಲ್ಲ.

ಗಾಲ್ಫ್ ಬೀಸಿನ ಗುಟ್ಟೆಲ್ಲ ಕೀಲಿನಲ್ಲಿದೆ. ತೋಳು ಒಂದು ದಂಡ, ಕೋಲು ಇನ್ನೊಂದು ದಂಡ, ನಡುವಿನ ಕೀಲು ಮಣಿಕಟ್ಟು. ತೋಳು ಕೆಳಗಿಳಿಯುವಾಗ ಕೀಲು ಮಡಿಚಿಕೊಂಡೇ ಇರಬೇಕು. ತೋಳಿನ ವೇಗ ತಗ್ಗುವ ಗಳಿಗೆಯಲ್ಲಿ ಕೋಲಿನ ತುದಿ ತನ್ನ ಓಟಕ್ಕೆ ತಾನೇ ಹೊರಗೆ ಎಳೆಯುತ್ತದೆ, ಆಗ ಕೀಲು ಬಿಚ್ಚಿಕೊಳ್ಳಬೇಕು. ಒದ್ದೆ ಸೀರೆಯನ್ನು ಹಗ್ಗಕ್ಕೆ ಹಾಕುವ ಮುಂಚೆ ಒದರುತ್ತೇವಲ್ಲ, ಕೈ ನಿಂತ ಮೇಲೆ ಸೆರಗಿನ ತುದಿ ಫಟ್ಟೆನ್ನುತ್ತದಲ್ಲ, ಅದೇ. ಬೇಗ ಬಿಚ್ಚಿದರೆ ಬಲವೆಲ್ಲ ಗಾಳಿಗೆ ಹೋಗುತ್ತದೆ, ತಡವಾದರೆ ಚೆಂಡು ಪೊದೆಗೆ. ನಡುವಿನ ಆ ಕ್ಷಣವನ್ನು ಮಾತಿನಲ್ಲಿ ಹೇಳಿಕೊಡಲು ಬರುವುದಿಲ್ಲ.

ಮಾತಿನಲ್ಲಿ ಬಾರದ್ದನ್ನು ಸ್ನಾಯುವಿನಿಂದ ಸ್ನಾಯುವಿಗೆ ದಾಟಿಸಿದರೆ ಹೇಗೆ? ವಾರಿಜಾ ಕೆಲಸ ಶುರುಮಾಡಿದ್ದು ಈ ಒಂದು ಪ್ರಶ್ನೆಯಿಂದ. ಕೀಲುಪಟ್ಟಿ ನೋಡಲು ಸಾಮಾನ್ಯ. ಮುಂಗೈಗೆ ಸುತ್ತುವ ಅಗಲವಾದ ಬಟ್ಟೆಯ ಪಟ್ಟಿ, ಒಳಗೆ ಇರುವೆ ಕಡಿದಷ್ಟು ಮೆತ್ತಗೆ ಮಿಡಿಯುವ ವಿದ್ಯುತ್ತು. ಒಬ್ಬರು ಬೀಸುವಾಗ ಯಾವ ಸ್ನಾಯು ಯಾವಾಗ ಬಿಗಿಯಿತು, ಯಾವಾಗ ಸಡಿಲಿತು ಎಂಬುದನ್ನು ಹಿಡಿದಿಟ್ಟು, ಇನ್ನೊಬ್ಬರ ತೋಳಿಗೆ ಅದೇ ಅನುಕ್ರಮದಲ್ಲಿ ನೆನಪಿಸುತ್ತ ಹೋಗುತ್ತದೆ. ಕೆಲವು ತಿಂಗಳು ಕಟ್ಟಿಕೊಂಡರೆ ಪಟ್ಟಿ ಬಿಚ್ಚಿದ ಮೇಲೂ ಚಲನೆ ಉಳಿಯುತ್ತದೆ. ಕವಡೆಗೂ ಅದು ಹಬ್ಬುತ್ತದೆಂದು ಯಾರೂ ಎಣಿಸಿರಲಿಲ್ಲ. ಆದರೆ ಮಣಿಕಟ್ಟಿಗೆ ಗಾಲ್ಫಿಗೊಂದು, ಮನೆಗೊಂದು ಅಂತ ಬೇರೆ ಬೇರೆ ಸ್ವಭಾವ ಎಲ್ಲಿಂದ ಬರಬೇಕು?

ಹಿಡಿದಿಟ್ಟ ಮೊದಲ ಬೀಸು ನಂಜರಾಜನದು. ಆಗ ಅವನು ರಾಜ್ಯದ ಪರವಾಗಿ ಆಡುತ್ತಿದ್ದ. ಅವನ ಮಣಿಕಟ್ಟಿನ ಸುತ್ತ, ಕ್ಯಾಮೆರಾ ಚಲನೆ ಹಿಡಿಯಲೆಂದು, ಗುರುತಿನ ಮಣಿಗಳನ್ನು ಅಂಟಿಸಿದವಳು ವಾರಿಜಾ. ಆಮೇಲೆ ಅವನ ಬಲ ಮಣಿಕಟ್ಟಿನ ಕಿರುಬೆರಳ ಬದಿಯ ಮೆತ್ತೆ ಸವೆದು ಹರಿಯಿತು. ಮೂಳೆಗೆ ಮೂಳೆ ಉಜ್ಜತೊಡಗಿತು. ಕೊನೆಗೆ ವೈದ್ಯರು ಲೋಹದ ಪಟ್ಟಿ ಕೂರಿಸಿ, ಬಾಗಿಲನ್ನು ಚೌಕಟ್ಟಿಗೆ ಮೊಳೆ ಹೊಡೆದು ನಿಲ್ಲಿಸಿದ ಹಾಗೆ ಆ ಕೀಲನ್ನು ನಿಲ್ಲಿಸಿಬಿಟ್ಟರು. ನೋವು ಹೋಯಿತು, ಮಣಿಯುವುದೂ ಹೋಯಿತು. ಈಗ ಅವನು ಬೆಟ್ಟದ ತಪ್ಪಲಿನಲ್ಲಿ, ತಾನು ಆಡುತ್ತಿದ್ದ ಅದೇ ಗಾಲ್ಫ್ ಮೈದಾನದಲ್ಲಿ ಹುಲ್ಲು ನೋಡಿಕೊಳ್ಳುವ ಕೆಲಸದಲ್ಲಿದ್ದ. ಬಲಗೈಯನ್ನು ಮಲಗಿದ ಮಗುವಿನ ಹಾಗೆ ತೊಡೆಯ ಮೇಲಿಟ್ಟುಕೊಂಡು ಕೂರುವುದು ಅಭ್ಯಾಸವಾಗಿತ್ತು.

ಅವತ್ತು ಸಂಜೆ ಅವನು ಮನೆಗೆ ಬಂದವನು ಚಪ್ಪಲಿ ಬಿಡುವಾಗಲೇ ಮಾತು ತೆಗೆದ.

"ಆ ಹುಡುಗಿ ಏಳನೇ ಕುಳಿ ಹತ್ರ ಹೊಡೆದಿದ್ದು ನೋಡ್ಬೇಕಿತ್ತು ನೀನು. ಹುಲ್ಲು ಕತ್ತರಿಸೋರೆಲ್ಲ ಮಿಷನ್ ನಿಲ್ಲಿಸಿ ನೋಡಿದ್ರು."

"ನೋಡ್ತಾನೇ ಇರ್ತೀನಲ್ಲ, ದಿನಾ."

"ನೀನು ಪರದೆ ಮೇಲಿನ ಗೆರೆ ನೋಡ್ತೀಯ. ನಾನು ಹೇಳ್ತಿರೋದು ಹೊಡೆತ."

ಅವನ ಮುಖದಲ್ಲಿ ಬೆಳಕಿತ್ತು. ಬಹಳ ಕಾಲದಿಂದ ಈ ಮನೆಯ ದೀಪಕ್ಕೆ ಕಾಣಿಸದಿದ್ದ ಬೆಳಕು. ಅದು ಬಂದದ್ದು ತನ್ನಿಂದಲೇ ಅಲ್ಲವೇ, ಪಟ್ಟಿ ಮಾಡಿದವಳು ತಾನಲ್ಲವೇ ಎಂದು ವಾರಿಜಾ ತನಗೆ ತಾನೇ ಹೇಳಿಕೊಂಡಳು. ಹೇಳಿಕೊಂಡ ಮಾತು ಒಳಗೆ ಇಳಿಯಲಿಲ್ಲ. ಹುಳಿಗೆ ಉಪ್ಪು ಹಾಕಿದೆನೋ ಇಲ್ಲವೋ ನೆನಪಾಗದೆ ಎರಡನೇ ಸಲ ಹಾಕಿದಳು.

"ಭಾನುವಾರ ಊಟಕ್ಕೆ ಕರಿ," ಎಂದ ನಂಜರಾಜ. "ಪಾಪ, ಹಾಸ್ಟೆಲ್ಲಿನಲ್ಲಿರೋ ಹುಡುಗಿ."

ಭಾನುವಾರ ದೇಚಮ್ಮ ಬಂದಳು. ಬರುವಾಗ ಊರಿನಿಂದ ಬಂದ ಜೇನಿನ ಬಾಟಲಿ ತಂದಳು. ಕೂರುವ ಮುಂಚೆ ಇಬ್ಬರ ಕಾಲಿಗೂ ಬಗ್ಗಿದಳು. ತಪ್ಪು ಹುಡುಕಬೇಕೆಂದು ಕಾದಿದ್ದ ವಾರಿಜಾಳಿಗೆ ಅದೂ ಒಂದು ತಪ್ಪಿನ ಹಾಗೇ ಕಂಡಿತು.

"ಪಂದಿಕರಿ ಇಲ್ಲದ ಭಾನುವಾರಾನ ಹೇಗಮ್ಮ ತಡ್ಕೋತೀಯ?" ಎಂದು ನಂಜರಾಜ ರೇಗಿಸಿದ.

"ಹಾಸ್ಟೆಲ್ ಸಾರು ಕುಡಿದೋರಿಗೆ ಏನಿದ್ರೂ ಹಬ್ಬ ಸರ್."

ಊಟವಾದ ಮೇಲೆ ಅವನೇ ಎದ್ದು ಕಪಾಟಿನಿಂದ ಚೌಕಾಬಾರದ ಮರದ ಹಲಗೆ ತೆಗೆದ. ಗಂಡ ಹೆಂಡತಿ ಈಗಲೂ ಅಪರೂಪಕ್ಕೆ ಆಡುತ್ತಿದ್ದರು. ಅವನು ಕವಡೆಗಳನ್ನು ಸ್ಟೀಲ್ ಲೋಟದಲ್ಲಿ ಹಾಕಿ ಎಡಗೈಯಿಂದ ಸುರಿಯುತ್ತಿದ್ದ. ಈ ಸಲ ಲೋಟ ತರಲಿಲ್ಲ. ಕವಡೆಗಳನ್ನು ದೇಚಮ್ಮನ ಅಂಗೈಗೆ ಇಟ್ಟ.

"ಕಾಯಿ ನಾನು ನಡೆಸ್ತೀನಿ. ನನ್ನ ಪರವಾಗಿ ಕವಡೆ ನೀನು ಹಾಕು."

ಆಟ ಮೂವರದಾಗಿದ್ದರೂ ಹಲಗೆಯ ಒಂದು ಬದಿಗೆ ಅವರಿಬ್ಬರು, ಇನ್ನೊಂದು ಬದಿಗೆ ಅವಳೊಬ್ಬಳು. ಹುಡುಗಿ ಕುಲುಕಿ, ತಡೆದು, ಬಿಟ್ಟಾಗಲೆಲ್ಲ ನಂಜರಾಜ ಕವಡೆ ನೋಡುತ್ತಿರಲಿಲ್ಲ; ಕೈ ನೋಡುತ್ತಿದ್ದ. ತೊಡೆಯ ಮೇಲೆ ಮಲಗಿದ್ದ ಅವನ ಬಲಗೈಯ ಬೆರಳುಗಳು ಅದರ ತಾಳಕ್ಕೆ ಅಲ್ಲಲ್ಲೇ ಮಿಸುಕುತ್ತಿದ್ದವು. ವಾರಿಜಾಳ ಒಂದು ಕಾಯಿ ಒಳಸುತ್ತಿಗೆ ಹತ್ತಿ ನಡುಮನೆಯ ಹೊಸ್ತಿಲಿನಲ್ಲಿತ್ತು, ಇನ್ನೊಂದು ಹೆಜ್ಜೆಗೆ ಹಣ್ಣಾಗುವುದು. ದೇಚಮ್ಮ ಚೌಕ ಹಾಕಿದಳು.

"ಕಡಿದೆ," ಎಂದು ನಂಜರಾಜ ನಕ್ಕು, ಹೆಂಡತಿಯ ಕಾಯಿಯನ್ನು ಎತ್ತಿ ಹೊರಗಿಟ್ಟ.

"ಸಾರಿ ಮೇಡಂ," ಎಂದಳು ಹುಡುಗಿ.

"ಆಟ ತಾನೇ," ಎಂದಳು ವಾರಿಜಾ. ಪಾತ್ರೆ ತೊಳೆಯುವ ನೆಪದಲ್ಲಿ ಒಳಗೆ ಹೋಗಿ, ನಲ್ಲಿಯನ್ನು ಪೂರ್ತಿ ತಿರುಗಿಸಿದಳು. ಇದು ಆ ಥರದ ಹೊಟ್ಟೆಕಿಚ್ಚಲ್ಲ ಎಂದು ಅವಳಿಗೆ ಗೊತ್ತಿತ್ತು. ಗಂಡ ಆ ಹುಡುಗಿಯನ್ನು ಮಗಳ ಹಾಗೆ ನೋಡುತ್ತಿದ್ದ. ಅದು ಬೇರೆ ಥರದ್ದಾಗಿದ್ದರೆ ಜಗಳವಾಡಲು ಒಂದು ದಾರಿಯಾದರೂ ಇರುತ್ತಿತ್ತು. ನನ್ನ ಗಂಡನ ಮಣಿಕಟ್ಟು ನಿನ್ನ ಹತ್ತಿರ ಇದೆ, ಕೊಡು ಎಂದು ಯಾರನ್ನಾದರೂ ಕೇಳಲು ಬರುತ್ತದೆಯೇ?

ಮಾರನೆಯ ದಿನ ಇರ್ಷಾದ್ ಪರದೆಯ ಮುಂದೆ ಖುಷಿಯಾಗಿದ್ದ. ತಂಗಿಯ ಮದುವೆಗೆ ರಜೆ ಹಾಕಿ ಶಿವಮೊಗ್ಗಕ್ಕೆ ಹೊರಡುವವನಿದ್ದ.

"ನೋಡಿ ಮೇಡಂ, ಎಷ್ಟು ಚೆನ್ನಾಗಿ ಒಗ್ಗುತ್ತಿದೆ."

ಪರದೆಯ ಮೇಲೆ ಎರಡು ಗೆರೆಗಳಿದ್ದವು. ನೀಲಿ ನಂಜರಾಜನ ಕೀಲಿನದು, ಕೇಸರಿ ದೇಚಮ್ಮನದು. ಮೊದಲ ವಾರಗಳಲ್ಲಿ ಒಂದರ ಮೇಲೊಂದು ಮಲಗಿದ್ದವು. ಈಗ ಬಿಚ್ಚಿಕೊಳ್ಳುವ ಕ್ಷಣದ ಹತ್ತಿರ ಕೇಸರಿ ಗೆರೆ ಮೆಲ್ಲಗೆ ಬೇರೆ ದಾರಿ ಹಿಡಿದಿತ್ತು. ನೀಲಿ ನೆಟ್ಟಗೆ ಏರುವಲ್ಲಿ ಅದು ಉರುಟಾಗಿ ಹೊರಳಿತ್ತು. ಪಟ್ಟಿಗೆ ಒಗ್ಗಿಕೆ ಎಂಬ ಗುಣವನ್ನು ಅವರೇ ಸೇರಿಸಿದ್ದರು. ಕಟ್ಟಿಕೊಂಡವರ ಮೂಳೆಯ ಉದ್ದ, ಸ್ನಾಯುವಿನ ಬಲ, ಎಲ್ಲಿ ತಡೆಯುತ್ತದೆ, ಎಲ್ಲಿ ನೋಯುತ್ತದೆ ಎಂಬುದನ್ನು ಅರಿತುಕೊಂಡು, ಅದು ದಾನಿಯ ಚಲನೆಯನ್ನು ಅವರ ಅಳತೆಗೆ ತಿದ್ದುತ್ತಿತ್ತು.

"ಅಂದ್ರೆ ಇನ್ನು ಸ್ವಲ್ಪ ದಿನಕ್ಕೆ..."

"ಪೂರ್ತಿ ಅವಳದೇ ಆಗತ್ತೆ. ನಿಮ್ಮ ಯಜಮಾನ್ರು ಬರೀ ಏಣಿ. ಹತ್ತಿದ ಮೇಲೆ ಏಣಿ ಯಾಕೆ?" ಎಂದು ಇರ್ಷಾದ್ ಚೀಲ ಹೆಗಲಿಗೇರಿಸಿದ. "ಬಿರಿಯಾನಿ ತರ್ತೀನಿ ಮೇಡಂ, ಡಬ್ಬಿ ತೊಳೆದಿಟ್ಟಿರಿ."

ಅವನು ಹೋದ ಮೇಲೆ ವಾರಿಜಾ ಆ ಎರಡು ಗೆರೆಗಳ ನಡುವಿನ ಸಣ್ಣ ಬಿಳಿ ಜಾಗವನ್ನು ನೋಡುತ್ತ ಕೂತಳು. ಇಷ್ಟು ದಿನ ಆ ಹುಡುಗಿಯ ಹತ್ತಿರ ಅವನ ಕೈ ಇದೆಯಲ್ಲ ಎಂದು ಉರಿದಿದ್ದಳು. ಈಗ ಅದನ್ನು ಅವಳು ಸವೆಸಿ ಮುಗಿಸುತ್ತಿದ್ದಾಳಲ್ಲ ಎಂದು ಉರಿ ಹೆಚ್ಚಾಯಿತು. ಯಾರದೋ ಸೀರೆಯನ್ನು ಎರವಲು ಪಡೆದು, ತನ್ನ ಅಳತೆಗೆ ಕತ್ತರಿಸಿ ಹೊಲಿಸಿಕೊಂಡ ಹಾಗೆ. ಮೂಲದ ಪ್ರತಿ ಕಂಪ್ಯೂಟರಿನಲ್ಲಿ ಇದ್ದೇ ಇತ್ತು, ನಿಜ. ಆದರೆ ಅಲ್ಲಿರುವುದು ಬರೀ ಗೆರೆ. ಗೆರೆ ಕೈಯಾಗಲು ಒಂದು ತೋಳು ಬೇಕು.

ಒಗ್ಗಿಕೆಯನ್ನು ಅವಳು ಸೊನ್ನೆಗೆ ಇಳಿಸಿದಳು. ಮೂಲ ಚಲನೆ ಎಷ್ಟು ದಿನ ನಿಲ್ಲುತ್ತದೆಂದು ಪರೀಕ್ಷಿಸುವುದೂ ವಿಜ್ಞಾನವೇ ಎಂದು ತನಗೊಂದು ಕಾರಣ ಕೊಟ್ಟುಕೊಂಡಳು. ಕಾರಣ ಚೆನ್ನಾಗಿತ್ತು. ಬೇರೆಯವರು ಕೊಟ್ಟಿದ್ದರೆ ಅವಳು ಒಪ್ಪುತ್ತಿರಲಿಲ್ಲ.

ಕೇಸರಿ ಗೆರೆ ದಿನದಿನಕ್ಕೆ ನೀಲಿಯ ಮೇಲೆ ಮರಳಿ ಬಂತು. ಮೊದಲು ದೇಚಮ್ಮನ ಹೊಡೆತ ಇನ್ನೂ ದೂರ ಹೋಯಿತು. ರಾಜ್ಯದ ಆಯ್ಕೆ ಹತ್ತಿರ ಬರುತ್ತಿತ್ತು. ಅದರಲ್ಲಿ ಗೆದ್ದರೆ ಅವಳಿಗೆ ಎರಡು ವರ್ಷದ ತರಬೇತಿ, ಪ್ರಯಾಣ, ಎಲ್ಲ. ಹುಡುಗಿ ಬೆಳಗಿನ ಇಬ್ಬನಿಯಲ್ಲೇ ಬರತೊಡಗಿದಳು. ವಾರಿಜಾ ಗಾಜಿನ ಆಚೆಯಿಂದ ಆ ಮಣಿಕಟ್ಟನ್ನು ನೋಡುತ್ತಿದ್ದಳು. ಮಡಿಚಿ, ತಡೆದು, ಒದೆಯುವ ಆ ಕೈ. ಪೂರ್ತಿ ಅವನದು. ನೋಡುವಾಗ ಎದೆಯಲ್ಲಿ ನೋವು ಸುಖ ಎರಡೂ ಕಲಸಿಕೊಂಡು, ಕಣ್ಣು ತೆಗೆಯಲಾಗುತ್ತಿರಲಿಲ್ಲ.

ಆಮೇಲೊಂದು ದಿನ ಊಟದ ಹೊತ್ತಿನಲ್ಲಿ ದೇಚಮ್ಮ ಡಬ್ಬಿಯ ಮುಚ್ಚಳವನ್ನು ಎಡಗೈಯಲ್ಲಿ ತಿರುಗಿಸಿದಳು. ವಾರಿಜಾ ಕವಡೆ ಕೊಟ್ಟರೆ ಬೇಡವೆಂದಳು. ಎಡಗೈ ಹೆಬ್ಬೆರಳಿನಿಂದ ಬಲ ಮಣಿಕಟ್ಟಿನ ಕಿರುಬೆರಳ ಬದಿಯ ತಗ್ಗನ್ನು ಒತ್ತಿಕೊಳ್ಳುತ್ತ ಕಿಟಕಿಯಾಚೆ ನೋಡುತ್ತಿದ್ದಳು.

ಅದೇ ತಗ್ಗು. ನಂಜರಾಜ ಹೀಗೆ ಒತ್ತಿಕೊಳ್ಳುತ್ತಿದ್ದದ್ದು ವಾರಿಜಾಳ ಕಣ್ಣ ಮುಂದೆ ಬಂತು.

"ನೋವಾ?" ಎಂದಳು.

"ಸ್ವಲ್ಪ ಮೇಡಂ. ಜಾಸ್ತಿ ಆಡಿದ್ದಕ್ಕಿರಬೇಕು. ಆಯ್ಕೆ ಮುಗಿಯೋವರೆಗೂ ಯಾರಿಗೂ ಹೇಳಬೇಡಿ, ಪ್ಲೀಸ್."

ವಾರಿಜಾ ಹೇಳಲಿಲ್ಲ. ಒಗ್ಗಿಕೆಯನ್ನು ತೆರೆಯಲೂ ಇಲ್ಲ. ನಾಳೆ ನೋಡೋಣ ಎಂದುಕೊಂಡಳು. ನಾಳೆ ಬಂದಾಗ ಗಾಜಿನಾಚೆ ಆ ಕೈ ಮತ್ತೆ ಬೀಸಿತು, ಇನ್ನೊಂದು ನಾಳೆ ಎಂದುಕೊಂಡಳು.

ಅಂಥ ಒಂದು ಸಂಜೆ ನಂಜರಾಜ ಚಪ್ಪಲಿ ಬಿಟ್ಟವನು ನೇರ ಬಂದು ಕೂತ. ಕಾಫಿ ಆರುತ್ತಿತ್ತು.

"ಅವಳು ನನ್ನ ಹಾಗೆ ಹೊಡೀತಿದ್ದಾಳೆ," ಎಂದ ಕೊನೆಗೆ.

"ಅದೇ ತಾನೇ ಬೇಕಿದ್ದದ್ದು?"

"ಅಲ್ಲ. ಮೊದಲು ನನ್ನ ಹಾಗಿತ್ತು. ಆಮೇಲೆ ಅವಳದ್ದಾಗ್ತಾ ಬಂತು, ನೋಡೋಕೆ ಎಷ್ಟು ಚೆನ್ನಾಗಿತ್ತು. ಈಗ ಮತ್ತೆ ನನ್ನ ಹಾಗೆ. ಕಲಿತ ಕೈ ಹಾಗೆ ಹಿಂದಕ್ಕೆ ಹೋಗಲ್ಲ ವಾರಿಜಾ."

ಅವಳು ಲೋಟವನ್ನು ಬಟ್ಟಲಿನಲ್ಲಿ ಸರಿಯಾಗಿ ಕೂರಿಸಿದಳು.

"ನಿನಗೆ ನಾನು ಹೇಳೇ ಇಲ್ಲ," ಎಂದ ನಂಜರಾಜ. "ನನ್ನ ಬೀಸು ಸರಿಯಿರಲಿಲ್ಲ. ಜನ ಕೊಂಡಾಡ್ತಿದ್ರು, ಸರಿ. ಕೀಲು ತಾನಾಗಿ ಬಿಚ್ಚಿಕೊಳ್ಳೋವರೆಗೆ ಕಾಯೋಕೆ ನನ್ನಿಂದ ಆಗ್ತಿರಲಿಲ್ಲ. ಕೊನೇ ಗಳಿಗೇಲಿ ಬಲಗೈಯಿಂದ ಒದ್ದುಬಿಡ್ತಿದ್ದೆ. ಅದಕ್ಕೇ ಚೆಂಡು ಅಷ್ಟು ದೂರ ಹೋಗ್ತಿದ್ದಿದ್ದು. ಅದಕ್ಕೇ ಇದು ಹೀಗಾಗಿದ್ದು." ಅವನು ತೊಡೆಯ ಮೇಲಿನ ಕೈಯನ್ನು ಗಲ್ಲದಿಂದ ತೋರಿಸಿದ. "ಪಟ್ಟಿ ಆ ಒದೆತಾನ ತೆಗೀತಿತ್ತು. ಯಾರೋ ಮತ್ತೆ ಹಾಕಿದ್ದಾರೆ."

ಹೊರಗೆ ಯಾರದೋ ಸ್ಕೂಟರ್ ನಿಂತು, ಮತ್ತೆ ಹೊರಟಿತು.

"ನಾನೇ," ಎಂದಳು ವಾರಿಜಾ.

"ಯಾಕೆ?"

ಪರೀಕ್ಷೆ ಎನ್ನಬಹುದಿತ್ತು. ಬಾಯಿಗೆ ಬಂದದ್ದು ಬೇರೆ. "ಅದು ಹೋಗಿಬಿಡ್ತಿತ್ತು ರೀ. ನಿಮ್ಮ ಕೈ. ಅವಳ ಹತ್ತಿರಾನೂ ಇಲ್ಲದ ಹಾಗೆ."

ನಂಜರಾಜ ಕಾಫಿಯ ಲೋಟವನ್ನು ದೂರ ಸರಿಸಿದ. ಸಿಟ್ಟಾಗುತ್ತಾನೆಂದು ಅವಳು ಕಾದಳು. ಸಿಟ್ಟಾಗಿದ್ದರೆ ಸುಲಭವಾಗುತ್ತಿತ್ತು.

"ನನ್ನ ಕೈಯನ್ನ ನಾನೇ ಬಿಟ್ಟು ಎಷ್ಟೋ ಕಾಲ ಆಯ್ತು," ಎಂದ. "ನೀನ್ಯಾಕೆ ಇಟ್ಕೊಂಡಿದ್ದೀಯ? ಅದೂ ಆ ಮಗು ತೋಳಲ್ಲಿ?"

ಬೆಳಿಗ್ಗೆ ಇರ್ಷಾದ್ ರಜೆ ಮುಗಿಸಿ, ಬಿರಿಯಾನಿಯ ಡಬ್ಬಿ ಹಿಡಿದು ಬಂದಿದ್ದ. ಅವನ ಎದುರಿಗೇ ವಾರಿಜಾ ದೇಚಮ್ಮನನ್ನು ಕೂರಿಸಿ ಪಟ್ಟಿ ಬಿಚ್ಚಿದಳು. ಚರ್ಮದ ಮೇಲೆ ಕೆಂಪು ಗುರುತಿತ್ತು.

"ಇವತ್ತು ಆಡಬೇಡ. ಮೊದಲು ಸ್ಕ್ಯಾನ್ ಮಾಡಿಸೋಣ. ಪಟ್ಟಿ ನಿನ್ನ ಕೈಗೆ ಒಗ್ಗೋದನ್ನ ನಿಲ್ಲಿಸಿದವಳು ನಾನು. ಅದು ನಿನ್ನ ನೋವನ್ನ ಕೇಳಿಸಿಕೊಳ್ತಿರಲಿಲ್ಲ, ಅದಕ್ಕೇ ಹೀಗಾಗಿದೆ."

ಇರ್ಷಾದ್ ಪರದೆ ತೆರೆದು ನೋಡಿದ. ಡಬ್ಬಿಯನ್ನು ಮೆಲ್ಲಗೆ ಕೆಳಗಿಟ್ಟ. "ಮೇಡಂ," ಎಂದವನು ಪರದೆಯನ್ನು ಅವಳ ಕಡೆಗೆ ತಿರುಗಿಸಿದ.

ದೇಚಮ್ಮ ತನ್ನ ಬಲಗೈಯನ್ನು ಮಡಿಲಿಗೆ ಎಳೆದುಕೊಂಡಳು. "ಬೇಕಂತ ಮಾಡಿದ್ರಾ?"

"ನಿನಗೆ ನೋವಾಗಲಿ ಅಂತಲ್ಲ. ನೋವಾಗ್ತಿದೆ ಅಂತ ಗೊತ್ತಾದ ಮೇಲೂ ಬಿಟ್ಟೆ."

"ನಿಮ್ಮ ಮನೇಲಿ ಊಟ ಮಾಡಿದೀನಿ ಮೇಡಂ." ಹುಡುಗಿಯ ದನಿ ಏರಲಿಲ್ಲ. "ಇದು ನನ್ನ ಕೈ. ನನಗಿರೋದೂ ಇದೊಂದೇ."

ಮೆತ್ತೆ ಊದಿತ್ತು, ಹರಿದಿರಲಿಲ್ಲ. ಕೆಲವು ವಾರ ಕೋಲು ಮುಟ್ಟುವ ಹಾಗಿಲ್ಲ ಎಂದರು ವೈದ್ಯರು. ಆಯ್ಕೆ ಅಷ್ಟರಲ್ಲಿ ಮುಗಿದುಹೋಯಿತು. ಮುಂದಿನದಕ್ಕೆ ಒಂದು ವರ್ಷ ಕಾಯಬೇಕು. ವಾರಿಜಾ ನಡೆದದ್ದನ್ನೆಲ್ಲ ಮೇಲಿನವರಿಗೆ ತಿಳಿಸಿ ಕೀಲುಪಟ್ಟಿಯ ಕೆಲಸದಿಂದ ಹೊರಗೆ ಬಂದಳು. ಪಟ್ಟಿ ಇರ್ಷಾದನ ಕೈಗೆ ಹೋಯಿತು. ದೇಚಮ್ಮ ವಾಸಿಯಾಗಿ ಮತ್ತೆ ಬರತೊಡಗಿದ ಮೇಲೂ ಕಾರಿಡಾರಿನಲ್ಲಿ ಎದುರಾದರೆ ತಲೆಯಾಡಿಸುವುದಷ್ಟೇ, ನಿಲ್ಲುತ್ತಿರಲಿಲ್ಲ. ನಿಲ್ಲಬೇಕೆಂದು ವಾರಿಜಾ ಬಯಸಲೂ ಇಲ್ಲ. ಒಮ್ಮೆ ಮಾತ್ರ, ಊಟದ ಕೋಣೆಯ ಬಾಗಿಲು ದಾಟುವಾಗ, ಒಳಗೆ ಹುಡುಗಿ ಕವಡೆ ಹಾಕುವುದು ಕಂಡಿತು. ಕುಲುಕಿದಳು, ತಡೆದಳು, ಕೈ ಉರುಟಾಗಿ ಹೊರಳಿ ಹಗುರವಾಗಿ ತೆರೆದುಕೊಂಡಿತು. ವಾರಿಜಾ ಆ ಕೈಯಲ್ಲಿ ಅವನನ್ನು ಹುಡುಕಿದಳು. ಎಲ್ಲೂ ಇರಲಿಲ್ಲ. ಹೊಟ್ಟೆಯಲ್ಲಿ ಹಳೆಯ ಕಿಚ್ಚು ಒಂದು ಸಲ ಎದ್ದು, ಹಿಡಿಯಲು ಏನೂ ಸಿಗದೆ ಅಲ್ಲೇ ಕೂತಿತು.

ಆ ಸಂಜೆ ಅವಳೇ ಹಲಗೆ ತೆಗೆದಳು. ಅಭ್ಯಾಸದಂತೆ ಲೋಟವನ್ನೂ ಇಟ್ಟಳು. ಆಟ ಮುಗಿಯುತ್ತ ಬಂದಾಗ ನಂಜರಾಜ ಲೋಟವನ್ನು ಪಕ್ಕಕ್ಕೆ ಸರಿಸಿ, ಕವಡೆಗಳನ್ನು ಎಡಗೈ ಮುಷ್ಟಿಯಲ್ಲಿ ಹಿಡಿದ.

"ನಗಬೇಡ," ಎಂದ.

ಅದು ಕೆಟ್ಟ ಎಸೆತ. ತಡೆಯುವುದೂ ಇಲ್ಲ, ಬಿಡುವುದೂ ಇಲ್ಲ. ಕೋಳಿಗೆ ಕಾಳು ಚೆಲ್ಲಿದ ಹಾಗೆ. ಮೂರು ಕವಡೆ ಹಲಗೆಯ ಮೇಲೆ ಬಾಯಿ ಮೇಲಾಗಿ ನಿಂತವು, ನಾಲ್ಕನೆಯದು ಉರುಳಿಕೊಂಡು ದಿವಾನದ ಕೆಳಗೆ ಹೋಯಿತು. ಎಡಗೈ ತಪ್ಪು ಮಾಡಿದ ಮಗುವಿನ ಹಾಗೆ ಗಾಳಿಯಲ್ಲೇ ನಿಂತಿತ್ತು. ಅದರ ಗೆಣ್ಣುಗಳ ಮೇಲೆ ಹುಲ್ಲಿನ ಗೀರುಗಳಿದ್ದವು, ಉಗುರಿನಲ್ಲಿ ಮೈದಾನದ ಮಣ್ಣು. ಇಷ್ಟು ವರ್ಷ ಮನೆಯ ಕೆಲಸವನ್ನೆಲ್ಲ ಮಾಡುತ್ತ ಬಂದ ಕೈ. ಅದನ್ನು ತಾನು ಸರಿಯಾಗಿ ನೋಡಿಯೇ ಇಲ್ಲವೆಂದು ವಾರಿಜಾಳಿಗೆ ಆಗ ಅನ್ನಿಸಿತು.

"ಬಾಯಿ ಕೆಳಗಾಗಿದ್ರೆ ಬರೀ ಮೂರು," ಎಂದ ನಂಜರಾಜ. "ಮೂರಕ್ಕೆ ನಿನ್ನ ಕಾಯಿ ಬಚಾವು, ಚೌಕ ಆದ್ರೆ ಕಡೀತೀನಿ. ನೀನೇ ಹೋಗಿ ನೋಡ್ಬೇಕಪ್ಪ, ಈ ಕೈ ಊರಿ ನನಗೆ ಬಗ್ಗೋಕಾಗಲ್ಲ. ಏನು ಹೇಳಿದ್ರೂ ನಂಬ್ತೀನಿ."

ಅವಳು ಟಾರ್ಚ್ ತಂದು, ನೆಲಕ್ಕೆ ಕೆನ್ನೆ ತಾಗಿಸಿ ಇಣುಕಿದಳು. ಧೂಳಿನ ನಡುವೆ ಕವಡೆ ಗೋಡೆಗೊರಗಿ, ಬಾಯಿ ಮೇಲೂ ಅಲ್ಲದೆ ಕೆಳಗೂ ಅಲ್ಲದೆ ಬಿದ್ದಿತ್ತು. ನಡುಮನೆಯ ಹೊಸ್ತಿಲಿನಲ್ಲಿ ಅವಳ ಕಾಯಿ ಒಂದು ಹೆಜ್ಜೆಗೆ ಕಾಯುತ್ತಿತ್ತು.

"ಏನು ಬಿದ್ದಿದೆ?" ಎಂದು ಮೇಲಿನಿಂದ ಕೇಳಿದ.

"ಚೌಕ," ಎಂದಳು ವಾರಿಜಾ, ಕೆಳಗಿನಿಂದಲೇ. "ನನ್ನ ಕಾಯಿ ಕಡೀರಿ. ಇನ್ನೊಂದು ಸಲ ಹಾಕಿ, ನೋಡ್ತೀನಿ."